ಪೊರಕೆ ಹಿಡಿದ ಕೀರ್ತನಕಾರ: ಸಂತ ಗಾಡಗೆ ಬಾಬಾ

ಬೆಳಗಿನ ಜಾವ ನಾಗಪುರದ ಸೀತಾಬರ್ಡಿಯಲ್ಲಿ ನಮ್ಮವರ ಹೋಟೆಲುಗಳ ಬಾಗಿಲು ಅರ್ಧ ತೆರೆದಾಗ, ಒಲೆ ಹೊತ್ತುವುದಕ್ಕೂ ಮುಂಚೆ ಕಿವಿಗೆ ಬೀಳುವುದು ನೆಲ ಗುಡಿಸುವ ಸದ್ದು. ಗುಡಿಸುವ ಆ ಸಾಧನವನ್ನು ಕರಾವಳಿಯ ನಮ್ಮ ಬಂಧುಗಳು ಹಿಡಿಸೂಡಿ ಎನ್ನುತ್ತಾರೆ; ಘಟ್ಟದ ಮೇಲಿನವರು ಪೊರಕೆಯೆಂದೋ ಕಸಬರಿಗೆಯೆಂದೋ ಕರೆಯುತ್ತಾರೆ; ಇಲ್ಲಿಯ ಜನ ಝಾಡೂ ಎನ್ನುತ್ತಾರೆ. ಹೆಸರುಗಳು ಬೇರೆಯಾದರೂ ಅದನ್ನು ಹಿಡಿದವನಿಗೆ ಸಲ್ಲುವ ಮರ್ಯಾದೆ ಎಲ್ಲ ಕಡೆಯಲ್ಲಿಯೂ ಒಂದೇ. ಹೊಸದಾಗಿ ಸೇರಿದ ಹುಡುಗನ ಕೈಗೆ ಮೊದಲು ಬರುವುದು ಅದು. ಮೇಲಿನ ಕೆಲಸ ದೊರೆತ ದಿನ ಅವನು ಸಂತೋಷದಿಂದ ಮೂಲೆಗೆ ಒರಗಿಸುವುದೂ ಅದನ್ನೇ. ಆದರೆ ಇದೇ ವಿದರ್ಭದ ಮಣ್ಣಿನಲ್ಲಿ ಹುಟ್ಟಿದ ಮಹಾಪುರುಷರೊಬ್ಬರು ಅರ್ಧ ಶತಮಾನದ ಕಾಲ ಅದನ್ನು ಕೈಬಿಡಲಿಲ್ಲ. ಅವರೇ ಸಂತ ಗಾಡಗೆ ಬಾಬಾ.

ಹರಿದ ಬಟ್ಟೆ, ಕೈಯಲ್ಲಿ ಪೊರಕೆ, ತಲೆಯ ಮೇಲೆ ಒಡೆದ ಮಡಕೆಯ ಚೂರು: ಈ ಚಿತ್ರವನ್ನು ಇಲ್ಲಿಯ ಅಂಗಡಿಗಳಲ್ಲಿ, ಶಾಲೆಗಳಲ್ಲಿ, ಕಚೇರಿಗಳ ಗೋಡೆಗಳ ಮೇಲೆ ನಾವೆಲ್ಲರೂ ಕಂಡಿದ್ದೇವೆ. ಗಾಡಗೆ ಎಂಬ ಮರಾಠಿ ಮಾತಿನ ಅರ್ಥವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದು ನಮ್ಮ ಗಡಿಗೆಯೇ. ಡಿಸೆಂಬರ್ 20 ಅವರ ಪುಣ್ಯತಿಥಿ. ಆ ದಿನ ಹಾರ ಹಾಕಿ ಕೈಮುಗಿಯುವುದು ಸುಲಭ. ಅವರು ಮಾಡಿದ ಕೆಲಸ ಯಾವುದು, ಆ ಕೆಲಸ ಅವರಿಗೇ ಏಕೆ ಕೈಗೂಡಿತು ಎಂಬುದನ್ನು ತಿಳಿದು ಕೈಮುಗಿದರೆ ಇನ್ನೂ ಲೇಸು ಎಂದು ನಾವು ಈ ಬಾಳಿನ ಕಥೆಯನ್ನು ವಾಚಕರ ಮುಂದಿಡುತ್ತಿದ್ದೇವೆ.

ಅಗಸರ ಮನೆಯ ಮಗ

ನಾಗಪುರದಿಂದ ಪಶ್ಚಿಮಕ್ಕೆ ಸುಮಾರು 150 ಕಿಲೋಮೀಟರ್ ದೂರದಲ್ಲಿ ಅಮರಾವತಿ ಪಟ್ಟಣವಿದೆ. ಆ ಜಿಲ್ಲೆಯ ಅಂಜನಗಾಂವ ತಾಲ್ಲೂಕಿನ ಶೇಣಗಾಂವ ಎಂಬ ಹಳ್ಳಿಯಲ್ಲಿ, 1876ನೆಯ ಇಸವಿ ಫೆಬ್ರವರಿ 23ರಂದು, ಬಟ್ಟೆ ಒಗೆದು ಜೀವಿಸುವ ಪರೀಟ ಜಾತಿಯ ಬಡ ಕುಟುಂಬದಲ್ಲಿ ಬಾಬಾ ಜನಿಸಿದರು. ತಂದೆ ಝಿಂಗರಾಜಿ, ತಾಯಿ ಸಖೂಬಾಯಿ. ಮಗುವಿಗೆ ಇಟ್ಟ ಹೆಸರು ದೇಬೂಜಿ. ತಂದೆ ಕುಡಿತಕ್ಕೆ ಬಲಿಬಿದ್ದು, ಅದರಿಂದಲೇ ರೋಗಿಯಾಗಿ, ಮಗನಿನ್ನೂ ಚಿಕ್ಕವನಿರುವಾಗಲೇ ತೀರಿಕೊಂಡರು. ತಾಯಿ ಮಗನನ್ನು ಕರೆದುಕೊಂಡು ಮೂರ್ತಿಜಾಪುರದ ಕಡೆಯ ದಾಪುರೆ ಎಂಬ ಊರಿಗೆ, ತವರಿನ ಆಸರೆಗೆ ಬಂದರು.

ಸೋದರಮಾವನ ಮನೆಯಲ್ಲಿ ದೇಬೂಜಿ ದನ ಕಾಯ್ದರು, ಹೊಲ ಉತ್ತರು, ಕೊಟ್ಟಿಗೆ ಬಳಿದರು. ಶಾಲೆಯ ಮುಖ ಕಾಣಲಿಲ್ಲ. ಓದುಬರಹವಿಲ್ಲದ ಮಾವ ಸಾಲದ ಕಾಗದಗಳಿಗೆ ಹೆಬ್ಬೆಟ್ಟು ಒತ್ತಿ, ಜಮೀನು ಸಾಹುಕಾರನ ಕೈಸೇರುವುದನ್ನು ಈ ಹುಡುಗ ಕಣ್ಣಾರೆ ಕಂಡರು. ಕುಡಿತ, ಸಾಲ, ಅಜ್ಞಾನ, ಕೊಳಕು ಇವು ನಾಲ್ಕೂ ಒಂದರ ಬಾಲ ಇನ್ನೊಂದು ಹಿಡಿದು ಬಡವನ ಮನೆಗೆ ನುಗ್ಗುತ್ತವೆಂಬ ತಿಳಿವಳಿಕೆ ಅವರಿಗೆ ಯಾವ ಪುಸ್ತಕದಿಂದಲೂ ಬಂದುದಲ್ಲ.

ಕುಂತಾಬಾಯಿಯವರೊಡನೆ ಮದುವೆಯಾಯಿತು; ಹೆಣ್ಣು ಮಗು ಹುಟ್ಟಿತು. ನಾಮಕರಣದ ದಿನ ಜಾತಿಬಾಂಧವರಿಗೆ ಮಾಂಸದ ಅಡುಗೆ ಮಾಡಿಸಿ ಹೆಂಡ ಹಂಚುವುದು ಅಂದಿನ ವಾಡಿಕೆ. ಅದಕ್ಕಾಗಿ ಸಾಲ ಮಾಡುವುದೂ ವಾಡಿಕೆಯೇ. ದೇಬೂಜಿ ಬಂಧುಗಳೆಲ್ಲರನ್ನೂ ಕರೆದರು, ಪಂಕ್ತಿ ಕೂರಿಸಿದರು, ಆದರೆ ಬಡಿಸಿದ್ದು ಸಿಹಿಯೂಟ. ನೆಂಟರು ಮುಖ ಸಿಂಡರಿಸಿದರೆಂದು ಬೇರೆ ಹೇಳಬೇಕಾಗಿಲ್ಲ. ಆದರೂ ಈ ಚಿಕ್ಕ ಪ್ರಸಂಗದಲ್ಲಿಯೇ ಮುಂದಿನ ಗಾಡಗೆ ಬಾಬಾರ ರೀತಿಯೆಲ್ಲವೂ ಅಡಗಿದೆಯೆಂದು ನಮಗೆ ತೋರುತ್ತದೆ. ಅವರು ಔತಣವನ್ನು ನಿಲ್ಲಿಸಲಿಲ್ಲ, ನೆಂಟರನ್ನು ಹೊರಗಿಡಲಿಲ್ಲ, ಕುಲದ ಪದ್ಧತಿಯನ್ನು ಹೀಗಳೆಯಲಿಲ್ಲ. ಪಂಕ್ತಿಯನ್ನು ಹಾಗೆಯೇ ಉಳಿಸಿ, ಎಲೆಯ ಮೇಲಿನ ಪದಾರ್ಥವನ್ನು ಮಾತ್ರ ಬದಲಾಯಿಸಿದರು. ಪಂಕ್ತಿಯಲ್ಲಿ ಬಡಿಸಿ ಕೈ ಪಳಗಿದ ನಮ್ಮ ವಾಚಕರಿಗೆ ಇದರ ಕಷ್ಟವೂ ಗೊತ್ತು, ಜಾಣ್ಮೆಯೂ ಗೊತ್ತು.

ಅಧಿಕಾರದ ದಾರಿ, ಬಾಬಾರ ದಾರಿ

ಅದೇ ಕಾಲದಲ್ಲಿ ದೇಶದಲ್ಲಿ ಜನರ ಆರೋಗ್ಯದ ಹೆಸರಿನಲ್ಲಿ ಬೇರೊಂದು ರೀತಿಯ ಕೆಲಸ ನಡೆದಿತ್ತು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಮರುವರ್ಷ ಪುಣೆಗೆ ಹಬ್ಬಿತು. ಸರಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿತು. ಪುಣೆಯಲ್ಲಿ ಗೋರಾ ಸಿಪಾಯಿಗಳು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ಅಡುಗೆಮನೆ ದೇವರಮನೆಯೆಂದು ನೋಡಲಿಲ್ಲ. ಹೆಂಗಸರ ಮಾನದ ಪರಿವೆ ಇರಲಿಲ್ಲ. ರೋಗ ನಿವಾರಣೆ ಅವರ ಉದ್ದೇಶವಾಗಿದ್ದರೂ, ಜನ ಹೆದರಿ ರೋಗಿಗಳನ್ನು ಬಚ್ಚಿಟ್ಟರು. ಕೊನೆಗೆ 1897ರ ಜೂನ್ 22ರ ರಾತ್ರಿ ಪ್ಲೇಗಿನ ಅಧಿಕಾರಿ ರ್‍ಯಾಂಡನ ಮೇಲೆ ಚಾಫೇಕರ ಸಹೋದರರು ಗುಂಡು ಹಾರಿಸಿದರು. ಮರುವರ್ಷ ಬೆಂಗಳೂರಿಗೂ ಪ್ಲೇಗು ಬಂದಾಗ ಜನ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿದುದನ್ನೂ, ಪ್ಲೇಗಿನಮ್ಮನಿಗೆ ಗುಡಿ ಕಟ್ಟಿದುದನ್ನೂ ನಮ್ಮ ಹಿರಿಯರು ಕಥೆಯಾಗಿ ಹೇಳುತ್ತಿದ್ದರು. ಔಷಧವನ್ನು ಜನ ನಂಬಬೇಕಾದರೆ ಅದನ್ನು ತಂದವನನ್ನು ಮೊದಲು ನಂಬಬೇಕು. ಆಡಳಿತ ಮರೆತ ಈ ಮಾತನ್ನು ಹೊಲ ಉಳುತ್ತಿದ್ದ ದೇಬೂಜಿ ಮರೆಯಲಿಲ್ಲ.

1905ನೆಯ ಇಸವಿ ಫೆಬ್ರವರಿ 1ರಂದು, ತಮ್ಮ 29ನೆಯ ವಯಸ್ಸಿನಲ್ಲಿ, ಅವರು ಮನೆಬಿಟ್ಟು ಹೊರಟರು. ಸುಮಾರು 12 ವರ್ಷ ಊರೂರು ಅಲೆದರು. ಚಿಂದಿಯ ಬಟ್ಟೆ ಉಟ್ಟು, ಊಟಕ್ಕೆ ತಟ್ಟೆಯಾಗಿ, ನೀರಿಗೆ ಪಾತ್ರೆಯಾಗಿ, ಬಿಸಿಲಿಗೆ ಟೊಪ್ಪಿಗೆಯಾಗಿ ಒಂದೇ ಮಡಕೆಯ ಚೂರನ್ನು ಇಟ್ಟುಕೊಂಡರು. ಆ ಚೂರಿನಿಂದಲೇ ಜನ ಅವರಿಗೆ ಗಾಡಗೆ ಬಾಬಾ ಎಂದು ಹೆಸರಿಟ್ಟರು.

ಅವರು ಊರೊಳಗೆ ಬರುವ ಕ್ರಮ ಹೀಗಿತ್ತು. ಬಂದವರೇ ಗುಡಿಗೆ ಹೋಗುತ್ತಿರಲಿಲ್ಲ. ಗೌಡರ ಮನೆಯ ಜಗಲಿಯನ್ನೂ ಹುಡುಕುತ್ತಿರಲಿಲ್ಲ. ಊರ ಬಾಗಿಲಿನಿಂದ ಬೀದಿ ಗುಡಿಸತೊಡಗುತ್ತಿದ್ದರು. ಕಟ್ಟಿದ ಮೋರಿಯನ್ನು ತೋಡಿ ಬಿಡಿಸುತ್ತಿದ್ದರು. ಹುಚ್ಚನೆಂದು ನಕ್ಕವರೂ ಸಂಜೆಯಾಗುವಷ್ಟರಲ್ಲಿ ನಾಚಿ ತಾವೂ ಕೈಹಾಕುತ್ತಿದ್ದರು. ಊಟವನ್ನು ಕೆಲಸ ಮಾಡಿಯೇ ಪಡೆಯಬೇಕೆಂಬುದು ಅವರ ನಿಯಮ. ಕಾಲಿಗೆ ಬೀಳಲು ಬಂದವರಿಗೆ ಬೀಳಗೊಡುತ್ತಿರಲಿಲ್ಲ. ಶರಣರು ಕಾಯಕವೆಂದು ಕರೆದುದನ್ನು ಚಿಕ್ಕಂದಿನಿಂದ ಕೇಳಿ ಬೆಳೆದ ನಮಗೆ ಈ ನಡತೆ ಅಪರಿಚಿತವೆನಿಸುವುದಿಲ್ಲ.

ಕೀರ್ತನೆಯೆಂಬ ಪಾಠಶಾಲೆ

ಬೀದಿ ಗುಡಿಸಿದ ದಿನವೇ ರಾತ್ರಿ ಕೀರ್ತನೆ. ಕೀರ್ತನೆಯೆಂದರೆ ಏನೆಂದು ಹರಿಕಥೆ ಕೇಳಿದ ಕನ್ನಡಿಗರಿಗೆ ವಿವರಿಸಬೇಕಿಲ್ಲ. ಪಂಢರಾಪುರದ ವಿಠ್ಠಲನ ಭಕ್ತರಾದ ವಾರಕರಿಗಳ ನಾಡಿನಲ್ಲಿ ಕೀರ್ತನೆಗೆ ಜನ ತಾವಾಗಿಯೇ ಸೇರುತ್ತಾರೆ. ಕರೆಯೋಲೆ ಬೇಡ, ಡಂಗುರ ಬೇಡ. ಆ ವಿಠ್ಠಲನನ್ನು ಮರಾಠಿ ಸಂತರೇ ಕನ್ನಡಿಗನೆಂದು ಕರೆದಿರುವುದರಿಂದ ಈ ಪರಂಪರೆಯಲ್ಲಿ ನಮಗೂ ಪಾಲುಂಟು. ಬಾಬಾ ಈ ಸಿದ್ಧವಾದ ಸಭೆಯನ್ನೇ ತಮ್ಮ ಪಾಠಶಾಲೆಯನ್ನಾಗಿ ಮಾಡಿಕೊಂಡರು.

ಗೋಪಾಲನ ನಾಮವನ್ನು ಸಾವಿರಾರು ಮಂದಿಯಿಂದ ಒಕ್ಕೊರಲಿನಲ್ಲಿ ಹೇಳಿಸುವುದು. ತುಕಾರಾಮರ ಅಭಂಗವನ್ನೋ ಕಬೀರರ ಪದವನ್ನೋ ಎತ್ತಿಕೊಳ್ಳುವುದು. ಅಷ್ಟರಲ್ಲಿ ಥಟ್ಟನೆ ನಿಲ್ಲಿಸಿ ಎದುರಿಗೆ ಕುಳಿತವರನ್ನು ಪ್ರಶ್ನೆ ಕೇಳುವುದು. ಶಾಸ್ತ್ರದ ಮರಾಠಿಯನ್ನು ಅವರು ಮುಟ್ಟಲಿಲ್ಲ. ಹೊಲದಲ್ಲಿ, ಬಾವಿಕಟ್ಟೆಯಲ್ಲಿ ಆಡುವ ವರ್‍ಹಾಡಿ ಮಾತಿನಲ್ಲಿಯೇ ಪ್ರಶ್ನೆ. ಜನರ ಬಾಯಿಂದ ಬಂದುದೇ ಉತ್ತರ. ಗುಡಿಯಲ್ಲಿ ದೀಪ ಆರಿದರೆ ದೇವರು ಕಾಣುವನೇ ಎಂದು ಕೇಳುವರು. ಕಾಣನೆಂದು ಜನ ಹೇಳುವರು. ಹಾಗಾದರೆ ದೊಡ್ಡದು ಯಾವುದು ಎಂದು ತಿರುಗಿ ಕೇಳುವರು. ನಗೆಯ ನಡುವೆ ಮಾತು ಮೆಲ್ಲನೆ ದಾರಿ ಬದಲಿಸುವುದು: ದೇವಿಗೆಂದು ಕುರಿಕೋಣಗಳನ್ನು ಕಡಿಯುವುದರತ್ತ, ಹೆಂಡದತ್ತ, ಸಾಲ ಮಾಡಿ ಯಾತ್ರೆ ಮದುವೆಗಳನ್ನು ಮಾಡುವುದರತ್ತ, ಮನೆಯ ಮುಂದಿನ ಕೊಚ್ಚೆಯತ್ತ. ಊಟದ ತಟ್ಟೆಯನ್ನು ಮಾರಿಯಾದರೂ ಮಕ್ಕಳನ್ನು ಓದಿಸಬೇಕೆಂಬುದು ಅವರು ಎಂದೂ ಬಿಡದ ಬುದ್ಧಿವಾದ.

ಆರೋಗ್ಯದ ಉಪನ್ಯಾಸವೆಂದು ಕರೆದಿದ್ದರೆ ಈ ಜನ ಬರುತ್ತಿದ್ದರೇ? ಬಂದರೂ ತಾವು ತಪ್ಪಿತಸ್ಥರೆಂಬಂತೆ ಮೂಲೆಯಲ್ಲಿ ಕುಳಿತು ಎದ್ದುಹೋಗುತ್ತಿದ್ದರು. ಕೀರ್ತನೆಯಲ್ಲಿ ಅವರೇ ಉತ್ತರ ಹೇಳಿದರು. ತಾವೇ ಹೇಳಿದ ಉತ್ತರವನ್ನು ಮನೆಗೆ ಕೊಂಡೊಯ್ದರು. ಹಾಡುವ ಬಾಯಿ ಮತ್ತು ಗುಡಿಸುವ ಕೈ ಒಬ್ಬರದೇ ಆಗಿದ್ದುದರಿಂದ ಆ ಮಾತಿಗೆ ತೂಕವೂ ಬಂದಿತು.

ಜಾತ್ರೆಗಳಲ್ಲಿಯೂ ಇದೇ ಕ್ರಮ. ಅಮರಾವತಿ ಜಿಲ್ಲೆಯ ಪೂರ್ಣಾ ನದಿಯ ದಂಡೆಯಲ್ಲಿ ಋಣಮೋಚನ ಎಂಬ ಕ್ಷೇತ್ರವಿದೆ. ಪೌಷ ಮಾಸದ ಭಾನುವಾರಗಳಲ್ಲಿ ಅಲ್ಲಿ ಜಾತ್ರೆ. ಮಿಂದು ಬರುವವರು ಕೆಸರಿನಲ್ಲಿ ಜಾರುತ್ತಿದ್ದರು; ನೀರು ರಾಡಿಯಾಗುತ್ತಿತ್ತು. ನದಿಯ ಸ್ನಾನ ಮೂಢನಂಬಿಕೆಯೆಂದು ಬಾಬಾ ಜರೆಯುತ್ತ ನಿಲ್ಲಲಿಲ್ಲ. ಭಕ್ತರಿಂದಲೇ ಕಲ್ಲು ಹೊರಿಸಿ, 1908ರಲ್ಲಿ ಅಲ್ಲಿ ಘಾಟು ಕಟ್ಟಿಸಿದರು. ಕುರುಡರು, ಹೆಳವರು, ಕುಷ್ಠರೋಗಿಗಳು ಜಾತ್ರೆಗೆ ಭಿಕ್ಷೆಗಾಗಿ ಸೇರುವುದನ್ನು ಕಂಡು ಅವರಿಗೆ ಅನ್ನವಸ್ತ್ರಗಳ ಏರ್ಪಾಡು ಮಾಡಿದರು.

ಅವರ ವೈರಾಗ್ಯ ಎಷ್ಟು ಗಟ್ಟಿಯಾದುದೆಂಬುದಕ್ಕೆ ಒಂದು ಪ್ರಸಂಗವನ್ನು ಚರಿತ್ರಕಾರರು ಬರೆದಿದ್ದಾರೆ. ಕೊಂಕಣ ಸೀಮೆಯಲ್ಲಿ ಕೀರ್ತನೆ ನಡೆದಿದ್ದಾಗ ಅವರ ಮಗ ಗೋವಿಂದ ತೀರಿಕೊಂಡ ಸುದ್ದಿ ಬಂದಿತು. ಸಭೆ ಸ್ತಬ್ಧವಾಯಿತು. ಬಾಬಾ ಕೀರ್ತನೆಯನ್ನು ನಿಲ್ಲಿಸಲಿಲ್ಲ. ಲೋಕದಲ್ಲಿ ಎಷ್ಟೋ ತಂದೆಗಳಿಗೆ ಬರುವ ದುಃಖ ತಮಗೂ ಬಂದಿತೆಂದು ಎಣಿಸಿ ಮುಂದೆ ನಡೆದರು. ಮನೆಯಲ್ಲಿ ಕುಂತಾಬಾಯಿಯವರು ಈ ದುಃಖವನ್ನು ಹೇಗೆ ನುಂಗಿಕೊಂಡರೋ! ದೊಡ್ಡವರ ತ್ಯಾಗದ ಲೆಕ್ಕ ಬರೆಯುವಾಗ ಅವರ ಮನೆಯವರ ಪಾಲನ್ನು ಬಿಡುವುದು ನ್ಯಾಯವಲ್ಲ.

ಆಸ್ಪತ್ರೆಯ ಬಾಗಿಲಿನಲ್ಲಿ

ಜನ ಕೊಟ್ಟ ಹಣ ಲಕ್ಷಗಟ್ಟಲೆಯಾಯಿತು. ಬಾಬಾ ಅದರಿಂದ ಒಂದು ಗುಡಿಸಲನ್ನೂ ತಮಗಾಗಿ ಕಟ್ಟಿಕೊಳ್ಳಲಿಲ್ಲ. ಎಲ್ಲಿ ಜನ ತಲೆಯೂರಲು ಜಾಗವಿಲ್ಲದೆ ಬೀದಿಯಲ್ಲಿ ಮಲಗುತ್ತಿದ್ದರೋ ಅಲ್ಲಿ ಧರ್ಮಶಾಲೆ ಎದ್ದಿತು. 1917ರಲ್ಲಿ ಪಂಢರಾಪುರದಲ್ಲಿ, ಅಸ್ಪೃಶ್ಯರೆನಿಸಿದ ಯಾತ್ರಿಕರಿಗಾಗಿ, ಮಹಾರ ಜಾತಿಯ ಸಂತ ಚೋಖಾಮೇಳಾರ ಹೆಸರಿನಲ್ಲಿ ಧರ್ಮಶಾಲೆಯನ್ನು ಕಟ್ಟಿಸಿದರು. ಆ ಜನರಿಗೆ ವಿಠ್ಠಲನ ಗುಡಿಯ ಬಾಗಿಲು ತೆರೆದುದು ಸಾನೇ ಗುರೂಜಿಯವರ ಉಪವಾಸದ ತರುವಾಯ, 1947ರಲ್ಲಿ. ದೇವರು ಬಾಗಿಲು ತೆರೆಯುವುದಕ್ಕೆ 30 ವರ್ಷ ಮೊದಲೇ ಬಾಬಾ ತೆರೆದಿದ್ದರು. 1949ರಲ್ಲಿ ಆ ಕಟ್ಟಡವನ್ನು ವಿದ್ಯಾರ್ಥಿಗಳ ಉಪಯೋಗಕ್ಕೆಂದು ಡಾಕ್ಟರ್ ಅಂಬೇಡಕರರ ಪೀಪಲ್ಸ್ ಎಜುಕೇಶನ್ ಸೊಸೈಟಿಗೆ ಒಪ್ಪಿಸಿದರು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ ಕೆಲಸವೊಂದುಂಟು. 1954ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯ ಬಳಿ ರೋಗಿಗಳ ಬಂಧುಗಳಿಗಾಗಿ ಧರ್ಮಶಾಲೆಯನ್ನು ಕಟ್ಟಿಸಿದರು. ನಮ್ಮ ದೇಶದಲ್ಲಿ ಯಾರೂ ಒಬ್ಬರೇ ಆಸ್ಪತ್ರೆಗೆ ಹೋಗುವುದಿಲ್ಲ. ಹೆಂಡತಿ ಬರುತ್ತಾಳೆ, ಅಣ್ಣ ಬರುತ್ತಾನೆ, ಗಂಜಿ ಕಾಯಿಸುವುದಕ್ಕೆ ಅಜ್ಜಿ ಬರುತ್ತಾಳೆ. ಆಸ್ಪತ್ರೆ ಕಟ್ಟಿದವರು ರೋಗಿಯ ಹಾಸಿಗೆಯನ್ನು ಎಣಿಸಿದರು. ಹೊರಗೆ ಕಲ್ಲುಹಾಸಿನ ಮೇಲೆ ಮಲಗಿದ ನಾಲ್ವರನ್ನು ಎಣಿಸಿರಲಿಲ್ಲ. ಬಾಬಾ ಎಣಿಸಿದರು. ಮುಂದೆ ನಾಗಪುರದಲ್ಲಿಯೂ ಮೆಡಿಕಲ್ ಕಾಲೇಜಿನ ಆಸ್ಪತ್ರೆಯ ಹತ್ತಿರ ಅವರ ಹೆಸರಿನ ಧರ್ಮಶಾಲೆ ಎದ್ದಿದೆ. ದೊಡ್ಡಾಸ್ಪತ್ರೆಯ ಗೇಟಿನಲ್ಲಿ ರಾತ್ರಿ ಕಳೆದವರು ನಮ್ಮಲ್ಲಿಯೂ ಕಡಮೆಯಿಲ್ಲ. ಊರಿನಿಂದ ಬಂದ ಬಂಧುವನ್ನು ಹೋಟೆಲಿನ ಕೋಣೆಯಲ್ಲಿ ಹತ್ತು ಜನರ ನಡುವೆ ಮಲಗಿಸಿ, ಬೆಳಗ್ಗೆ ಆಸ್ಪತ್ರೆಗೆ ಚಹಾ ಒಯ್ದವರಿಗೆ ಇದರ ಬೆಲೆ ಗೊತ್ತು.

1952ರಲ್ಲಿ ಈ ಸಂಸ್ಥೆಗಳ ಆಡಳಿತಕ್ಕಾಗಿ ಗಾಡಗೆ ಬಾಬಾ ಮಿಶನ್ ಸ್ಥಾಪಿತವಾಯಿತು.

ಕೊನೆಯ ದಿನಗಳು

1956 ವಿದರ್ಭದ ಪಾಲಿಗೆ ಮರೆಯಲಾರದ ವರ್ಷ. ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡಕರರು ಲಕ್ಷಾಂತರ ಜನರೊಡನೆ ಬೌದ್ಧ ದೀಕ್ಷೆ ಪಡೆದರು. ನವೆಂಬರ್ 1ರಂದು ನಾಗಪುರ ಮಧ್ಯಪ್ರದೇಶದಿಂದ ಬೇರ್ಪಟ್ಟು ಮುಂಬಯಿ ರಾಜ್ಯಕ್ಕೆ ಸೇರಿತು. ಡಿಸೆಂಬರ್ 6ರಂದು ಅಂಬೇಡಕರರು ತೀರಿಕೊಂಡರು. ಬಾಬಾರ ದೇಹವೂ ಆಗ ಬಹಳ ಬಳಲಿತ್ತು. ಎರಡು ವಾರಗಳ ಬಳಿಕ, ಡಿಸೆಂಬರ್ 20ರಂದು, ಅಮರಾವತಿಗೆ ಹೋಗುವ ದಾರಿಯಲ್ಲಿ, ವಲಗಾಂವದ ಹತ್ತಿರ ಪೇಢಿ ನದಿಯ ಬಳಿ ಅವರ ಪ್ರಾಣ ಹೋಯಿತು. ಅಲೆಯುತ್ತ ಬಾಳಿದವರು ದಾರಿಯಲ್ಲಿಯೇ ದೇಹವಿಟ್ಟರು. ಅವರ ಸಮಾಧಿ ಅಮರಾವತಿಯಲ್ಲಿದೆ.

ಬಾಬಾರ ದಾರಿ ಅವರೊಡನೆ ಮುಗಿಯಲಿಲ್ಲ. ನಾಗಪುರದಿಂದ ಅಮರಾವತಿಗೆ ಬಸ್ಸಿನಲ್ಲಿ ಹೋಗುವವರಿಗೆ ದಾರಿಯಲ್ಲಿ ಮೋಝರಿ ಸಿಗುತ್ತದೆ. ಅಲ್ಲಿ ಆಶ್ರಮ ಕಟ್ಟಿದ ತುಕಡೋಜಿ ಮಹಾರಾಜರು ಖಂಜರಿ ಬಾರಿಸುತ್ತ ಭಜನೆಯ ಮೂಲಕ ಗ್ರಾಮನೈರ್ಮಲ್ಯವನ್ನು ಸಾರಿದರು; 1968ರಲ್ಲಿ ದಿವಂಗತರಾದರು. ಶಾಲೆಯನ್ನೇ ಕಾಣದ ಗಾಡಗೆ ಬಾಬಾರ ಹೆಸರು ಇಂದು ಅಮರಾವತಿಯ ವಿಶ್ವವಿದ್ಯಾಲಯಕ್ಕಿದೆ. ತುಕಡೋಜಿಯವರ ಹೆಸರು ನಾಗಪುರದ ವಿಶ್ವವಿದ್ಯಾಲಯಕ್ಕಿದೆ. 2000ದ ಸುಮಾರಿಗೆ ಮಹಾರಾಷ್ಟ್ರ ಸರಕಾರ ಗಾಡಗೆ ಬಾಬಾ ಗ್ರಾಮ ಸ್ವಚ್ಛತಾ ಅಭಿಯಾನವನ್ನು ಆರಂಭಿಸಿದಾಗ ಹಳ್ಳಿಹಳ್ಳಿಗಳ ನಡುವೆ ಪಂದ್ಯವೇರ್ಪಡಿಸಿ, ಜನರ ಶ್ರಮದಾನದಿಂದಲೇ ಊರನ್ನು ಚೊಕ್ಕಟಗೊಳಿಸಿದವರಿಗೆ ಬಹುಮಾನ ಕೊಟ್ಟಿತು.

ನಾಗಪುರದ ಆಗ್ನೇಯಕ್ಕಿರುವ ಗಡಚಿರೋಲಿಯಲ್ಲಿ ವೈದ್ಯರೂ ಇದೇ ಪಾಠವನ್ನು ಕಲಿತರು. ನಾಗಪುರದಲ್ಲಿ ವೈದ್ಯವಿದ್ಯೆ ಓದಿದ ಡಾಕ್ಟರ್ ಅಭಯ ಬಂಗ್ ಮತ್ತು ಡಾಕ್ಟರ್ ರಾಣಿ ಬಂಗ್ ದಂಪತಿಗಳು 1986ರಲ್ಲಿ ಅಲ್ಲಿ ಸರ್ಚ್ ಎಂಬ ಸಂಸ್ಥೆಯನ್ನು ತೆರೆದರು. ದೊಡ್ಡ ಕಟ್ಟಡದ ಆಸ್ಪತ್ರೆಯೆಂದರೆ ಅಲ್ಲಿಯ ಗೊಂಡ ಜನರಿಗೆ ಭಯ. ಆದುದರಿಂದ ಅವರನ್ನೇ ಕೇಳಿ, ಅವರ ಹಳ್ಳಿಯಂತೆಯೇ ಕಾಣುವ ಮನೆಗಳನ್ನು ಕಟ್ಟಿ, ಅವರ ದೇವತೆ ದಂತೇಶ್ವರಿಯ ಹೆಸರನ್ನೇ ಆಸ್ಪತ್ರೆಗೆ ಇಟ್ಟರು. ಹಳ್ಳಿಯ ಹೆಂಗಸರಿಗೇ ಎಳೆಯ ಕೂಸಿನ ಆರೈಕೆಯನ್ನು ಕಲಿಸಿ ಮನೆಮನೆಗೆ ಕಳುಹಿದರು. 1999ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಆ ಹಳ್ಳಿಗಳಲ್ಲಿ ನವಜಾತ ಶಿಶುಗಳ ಮರಣ ಅರ್ಧಕ್ಕಿಂತಲೂ ಹೆಚ್ಚು ಇಳಿಯಿತು. ಔತಣವನ್ನು ಉಳಿಸಿ ಎಲೆಯ ಮೇಲಿನ ಪದಾರ್ಥವನ್ನು ಬದಲಿಸಿದ ದೇಬೂಜಿಯ ಜಾಣ್ಮೆಯೂ ಇದೇ ಜಾತಿಯದು.

ಪೊರಕೆಯೊಂದರಿಂದಲೇ ಎಲ್ಲ ರೋಗವೂ ಹೋಗದು. ಲಸಿಕೆ ಬೇಕು, ಔಷಧ ಬೇಕು, ಶುದ್ಧ ನೀರಿನ ನಲ್ಲಿ ಬೇಕು. ಅವನ್ನು ಒದಗಿಸುವ ಹೊಣೆ ನಗರಸಭೆಯದು, ಸರಕಾರದ್ದು. ಬಾಬಾರ ಹೆಸರು ಹೇಳಿ ಆ ಹೊಣೆಯನ್ನು ಬಡವರ ತಲೆಗೆ ಕಟ್ಟುವವರನ್ನು ನಾವು ಒಪ್ಪೆವು. ಗುಡಿಸುವ ಕೆಲಸ ಒಂದು ಜಾತಿಗೆ ಮೀಸಲೆಂಬ ಭಾವನೆ ಉಳಿದಿರುವವರೆಗೆ ಅವರ ಪ್ರತಿಮೆಗೆ ಹಾಕಿದ ಹಾರಕ್ಕೂ ಅರ್ಥವಿಲ್ಲ.

ನಮ್ಮ ಹೋಟೆಲುಗಳ ಹಿಂಬದಿಯಲ್ಲಿ ಪಾತ್ರೆ ತೊಳೆಯುವ ಹುಡುಗರೆಲ್ಲ ಇಂದು ಕನ್ನಡದವರಲ್ಲ. ಒಂದು ಕಾಲಕ್ಕೆ ನಾವು ಈ ಊರಿನ ಭಾಷೆ ತಿಳಿಯದೆ ನಿಂತಂತೆ ಈಗ ಅವರು ನಿಲ್ಲುತ್ತಾರೆ. ನೀರಿನ ತೊಟ್ಟಿಯ ಮೇಲೆ ಕೈ ತೊಳೆಯಬೇಕೆಂದು ಇಂಗ್ಲಿಷಿನಲ್ಲಿ ಅಚ್ಚಾದ ಫಲಕವಿರುತ್ತದೆ, ಓದುವವರು ಇನ್ಸ್‌ಪೆಕ್ಟರರೊಬ್ಬರೇ. ಆ ಹುಡುಗನ ಭಾಷೆಯಲ್ಲಿ ಎರಡು ಮಾತು ಕಲಿತು ಹೇಳುವುದು, ಹೇಳುವ ಮೊದಲು ಅವನೆದುರಿಗೆ ಗಲ್ಲಾದಲ್ಲಿ ಕೂರುವವರೇ ಬಂದು ಸೋಪು ಹಚ್ಚಿ ಕೈ ತೊಳೆಯುವುದು, ವಾರಕ್ಕೊಮ್ಮೆಯಾದರೂ ಪೊರಕೆಯನ್ನು ತಾವೇ ಹಿಡಿಯುವುದು: ಇಷ್ಟಾದರೂ ನಮ್ಮಿಂದಾದೀತು. ಡಿಸೆಂಬರ್ 20ರ ಬೆಳಗಿನ ಜಾವ ಬಾಗಿಲು ತೆರೆಯುವಾಗ ಇದನ್ನು ಆರಂಭಿಸಿದರೆ ಬಾಬಾರಿಗೆ ಸಲ್ಲುವ ನಮನ ಅದಕ್ಕಿಂತ ಬೇರೊಂದಿಲ್ಲವೆಂದು ನಾವು ಭಾವಿಸುತ್ತೇವೆ.